ಸಾಯಿಲ್ ಟೆಸ್ಟ್ ಗುಂಡಿಯಲ್ಲಿ ಚಪ್ಪಡಿ, ಅದರ ಕೆಳಗೆ ಟೊಳ್ಳು: ಮುಚ್ಚಿಸೋದಾ, ತೋರಿಸೋದಾ?

ದೇವಿಗೆರೆ_ಹುಡುಗ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಬೇಜಾರು ಮಾಡ್ಕೋಬೇಡಿ.

ಹಾಸನದಲ್ಲಿ ದೇವಿಗೆರೆಯಿಂದ ಸ್ವಲ್ಪ ಆಚೆಗೆ ನಮ್ಮ ತಾತನ ಮನೆ. 40–60 ಸೈಟು. ಒಂದು ಕಾಲಕ್ಕೆ ನಾಡಹೆಂಚಿನ ತೊಟ್ಟಿಮನೆ ಆಗಿತ್ತಂತೆ. ನಾನು ಕಂಡಿದ್ದು ಮುಂದಕ್ಕೆ ಆರ್‌ಸಿಸಿ, ಹಿಂದಕ್ಕೆ ಮಂಗಳೂರು ಹೆಂಚು, ನಡುವೆ ಸೋರೋ ಜಾಗ. ತಾತ ಹೋದಮೇಲೆ ಅಪ್ಪ, ಇಬ್ಬರು ಚಿಕ್ಕಪ್ಪಂದಿರು, ಅತ್ತೆ ಎಲ್ಲಾ ಒಪ್ಪಿ (ಒಪ್ಪೋಕೆ ಆರು ವರ್ಷ ಹಿಡೀತು, ಅದು ಬೇರೆ ಕತೆ) ಬಿಲ್ಡರ್ ಒಬ್ಬರಿಗೆ ಜಾಯಿಂಟ್ ಡೆವಲಪ್‌ಮೆಂಟ್‌ಗೆ ಕೊಟ್ಟಿದ್ದೀವಿ. ಕೆಳಗೆ ಪಾರ್ಕಿಂಗು, ಮೇಲೆ ಮೂರು ಫ್ಲೋರು. ಮನೆ ಕೆಡವಿ ತಿಂಗಳಾಯ್ತು.

ಹೋದ ಸೋಮವಾರ ಸಾಯಿಲ್ ಟೆಸ್ಟ್‌ಗೆ ಅಂತ ಮೂರು ಗುಂಡಿ ತೆಗೆಸಿದರು. ಮುಂದಿನ ಎರಡರಲ್ಲಿ ಕೆಮ್ಮಣ್ಣು ಬಿಟ್ಟರೆ ಏನೂ ಇಲ್ಲ. ಹಿತ್ತಲ ಕಡೆಯದು, ಬಚ್ಚಲುಮನೆ ಇದ್ದ ಜಾಗದ ಪಕ್ಕದ್ದು, ಮೂರಡಿ ಇಳಿಯೋ ಹೊತ್ತಿಗೆ ಜೆಸಿಬಿ ಬಕೆಟ್ಟು ಕಲ್ಲಿಗೆ ತಗಲಿ ಕಿರ್ರ್ ಅಂತು. ನೋಡಿದ್ರೆ ಒಂದು ಚಪ್ಪಡಿ. ಅದು ಒಂದು ಗೇಣು ಸರಿದಿತ್ತು, ಆ ಸಂದೀಲಿ ಕತ್ತಲೆ. ನಾನು ಒಂದು ಕಲ್ಲು ಹಾಕಿದೆ, ಒಂದು ಕ್ಷಣ ಬಿಟ್ಟು ದೊಪ್ ಅಂತು. ಚಪ್ಪಡಿ ಪಕ್ಕದಲ್ಲೇ ಆರಡಿವರೆಗೂ ತೋಡಿದಾರೆ. ಆ ಗುಂಡಿಯ ಗೋಡೇಲಿ ಕೆಮ್ಮಣ್ಣಿನ ಮಧ್ಯೆ ಕಪ್ಪು ಮಣ್ಣು, ಮೇಲೆ ಸಣ್ಣಕ್ಕೆ ಶುರುವಾಗಿ ಕೆಳಕ್ಕೆ ಹೋಗ್ತಾ ಗುಡಾಣದ ಹೊಟ್ಟೆ ಥರ ಉಬ್ಬಿಕೊಂಡಿದೆ. ಮಡಕೆ ಚೂರುಗಳೂ ಇವೆ.

ಸಂಜೆ ಅಷ್ಟೊತ್ತಿಗೆ ಬೀದಿಗೆಲ್ಲ ಗೊತ್ತಾಗಿತ್ತು. ದೊಡ್ಡ ಚಿಕ್ಕಪ್ಪ ಟಾರ್ಪಾಲು ಹೊದಿಸಿ ಟಾರ್ಚು ಹಿಡ್ಕೊಂಡು ಅಲ್ಲೇ ಮಲಗ್ತಿದಾರೆ. ಸಣ್ಣ ಚಿಕ್ಕಪ್ಪ ಅಂಜನ ಹಾಕಿ ನೋಡೋರನ್ನ ಕರ್ಕೊಂಡ್ ಬರ್ತೀನಿ ಅಂತಾರೆ. ಜೊತೆಗೆ ಹಳೇ ಕ್ರಯಪತ್ರ ತಂದು ಓದಿದರು: ‘ನಿಧಿ ನಿಕ್ಷೇಪ ಜಲ ತರು ಪಾಷಾಣ ಅಕ್ಷೀಣ ಆಗಾಮಿ ಸಿದ್ಧ ಸಾಧ್ಯ’ ಎಲ್ಲ ನಮ್ಮದೇ ಅಂತ ಬರೆದಿದೆ, ಯಾರಪ್ಪಂದೇನು ಅಂತ. ಬಿಲ್ಡರ್‌ದು ಇನ್ನೊಂದು ರಾಗ. ಎಂ ಸ್ಯಾಂಡ್ ಸುರಿದು ಮುಚ್ಚಿಬಿಡೋಣ, ಆರ್ಕಿಯಾಲಜಿಯವರಿಗೆ ಗೊತ್ತಾದ್ರೆ ಹತ್ತು ವರ್ಷ ಸೈಟು ಮುಟ್ಟೋ ಹಾಗಿಲ್ಲ ಅಂತ ಹೆದರಿಸಿದಾರೆ.

ನನಗೆ ಹೊಟ್ಟೇಲಿ ಸಂಕಟ. ಇದು ಹೊಯ್ಸಳರ ಕಾಲದ್ದೇನಾದ್ರೂ ಆಗಿರಬಹುದಾ? ನಿಜವಾಗ್ಲೂ ಸೈಟು ಹೋಗುತ್ತಾ? ಹೊರದೇಶದಲ್ಲಿ ಕಟ್ಟಡ ಕಟ್ಟೋ ಮುಂಚೆ ಸಣ್ಣದಾಗಿ ತೋಡಿ ನೋಡಿಬಿಡ್ತಾರೆ ಅಂತ ಎಲ್ಲೋ ಓದಿದ್ದೆ, ಅಂಥದ್ದು ನಮ್ಮಲ್ಲಿ ಯಾರು ಮಾಡ್ತಾರೆ? ಗೊತ್ತಿರೋರು ದಯವಿಟ್ಟು ಹೇಳಿ.

ಪಾಯದ_ಅಣ್ಣ

ಕಂಟ್ರಾಕ್ಟರ್ ಕೆಲಸ ಮಾಡಿ ಇಪ್ಪತ್ತೆರಡು ವರ್ಷ ಆಯ್ತು. ಇತಿಹಾಸ ನನಗೆ ಗೊತ್ತಿಲ್ಲ, ಪಾಯ ಗೊತ್ತು.

ಎಂ ಸ್ಯಾಂಡ್ ಸುರಿದು ಮುಚ್ಚೋಕೆ ಮಾತ್ರ ಬಿಡಬೇಡಿ. ಟೊಳ್ಳಿನ ಮೇಲೆ ಮರಳು ಸುರಿದರೆ ಮೇಲಿನದು ತುಂಬಿದ ಹಾಗೆ ಕಾಣುತ್ತೆ, ಒಳಗಡೆ ಸಡಿಲ ಮಣ್ಣು ಹಾಗೇ ಕೂತಿರುತ್ತೆ. ಅದರ ಮೇಲೊಂದು ಕಾಲಂ ಬಿತ್ತು ಅಂದ್ರೆ ಮೂರು ಮಳೆಗಾಲಕ್ಕೆ ಒಂದು ಮೂಲೆ ಕುಸಿದು ಗೋಡೆ ಬಿರುಕು ಬಿಡುತ್ತೆ. ಕರಿ ಮಣ್ಣು ಪೂರ್ತಿ ತೆಗೆಸಿ, ಗಟ್ಟಿ ನೆಲ ಸಿಗೋವರೆಗೂ ಹೋಗಿ, ಸೈಜುಗಲ್ಲು ಹಾಕಿ ಕಾಂಕ್ರೀಟು ತುಂಬಿಸಬೇಕು. ಯಾರಿಗೂ ಹೇಳದೇ ಮುಚ್ಚಿದ್ರೂ ಈ ಕೆಲಸ ತಪ್ಪಿದ್ದಲ್ಲ.

ಇಲಾಖೆಗೆ ಹೇಳೋ ವಿಷಯದಲ್ಲಿ ಮಾತ್ರ ನಾನು ಬಿಲ್ಡರ್ ಕಡೆಗೇ ಸ್ವಲ್ಪ ವಾಲ್ತೀನಿ. ಸತ್ಯ ಹೇಳಿದೀನಿ ಅಷ್ಟೆ.

ಕುರ್ಪಿ_ಮೇಡಂ

ಇದನ್ನ ಮೊದಲು ಓದಿ, ಉಳಿದಿದ್ದು ಆಮೇಲೆ: ಆ ಟೊಳ್ಳಿನೊಳಗೆ ಯಾರನ್ನೂ ಇಳಿಸಬೇಡಿ. ಅಂಜನದವರು ಹುಡುಗರಿಗೆ ದುಡ್ಡು ಕೊಟ್ಟು ಇಳಿಸೋಕೂ ಹೇಸೋದಿಲ್ಲ. ನಿಮ್ಮ ವಿವರಣೆ ಓದ್ತಾ ಓದ್ತಾ ನನಗೆ ಕಂಡಿದ್ದು ಹಗೇವು.

ಹಾಸನದಲ್ಲೇ ಹುಟ್ಟಿದ ನನ್ನ ವಿದ್ಯಾರ್ಥಿಗಳಿಗೆ ಈ ಪದ ಗೊತ್ತಿಲ್ಲ, ಅದಕ್ಕೇ ಬಿಡಿಸಿ ಹೇಳ್ತೀನಿ. ನಮ್ಮಜ್ಜಿ ಊರು ದುದ್ದದ ಕಡೆ. ಅಲ್ಲಿ ಮನೆ ಮುಂದೆಯೇ ಹಗೇವು ಇತ್ತು. ರಾಗಿ ತುಂಬಿಡೋ ನೆಲಗುಂಡಿ. ಬಾಯಿ ಒಬ್ಬ ಆಳು ಮೈ ಹಿಡಿ ಮಾಡಿಕೊಂಡು ಇಳಿಯೋಷ್ಟು, ಒಳಗೆ ಹೊಟ್ಟೆ ಅಗಲ. ತಳಕ್ಕೆ, ಸುತ್ತಲಿಗೆ ಹುಲ್ಲು ಒತ್ತಿ, ರಾಗಿ ಸುರಿದು, ಬಾಯಿಗೆ ಚಪ್ಪಡಿ ಹಾಕಿ, ಅಂಚಿಗೆಲ್ಲ ಕೆಸರು ಮೆತ್ತಿ, ಮೇಲೆ ಮಣ್ಣು ಮುಚ್ಚೋರು. ವರ್ಷಗಟ್ಟಲೆ ಹುಳ ಬೀಳ್ತಿರಲಿಲ್ಲ. ಯಾಕೆ ಅಂದ್ರೆ ಒಳಗಿನ ಕಾಳೇ ಉಸಿರಾಡಿ ಇದ್ದಬದ್ದ ಆಮ್ಲಜನಕ ಮುಗಿಸಿ ಇಂಗಾಲದ ಡೈಆಕ್ಸೈಡ್ ತುಂಬಿಬಿಡುತ್ತೆ. ಹುಳಕ್ಕೆ ಉಸಿರು ಕಟ್ಟೋದು ಅಂದ್ರೆ ಮನುಷ್ಯನಿಗೂ ಕಟ್ಟುತ್ತೆ. ಅದಕ್ಕೇ ತೆಗೆಯೋ ದಿನ ಚಪ್ಪಡಿ ಸರಿಸಿ ಗಾಳಿಗೆ ಬಿಟ್ಟು, ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಡೋರು. ದೀಪ ಆರಿದರೆ ಅವತ್ತು ರಾಗಿ ಇಲ್ಲ. ನಿಮ್ಮದು ಅರ್ಧ ಮಣ್ಣು ತುಂಬಿರೋ ಹಳೇದು, ಆದ್ರೂ ಇಳಿಯೋದು ಬೇಡ. ಪಕ್ಕದ ಗೋಡೆ ಕುಸಿಯೋ ಭಯ ಬೇರೆ.

ಈಗ ನಿಮ್ಮ ಪ್ರಶ್ನೆ. ನಾನು ಮಾನಸಗಂಗೋತ್ರಿಯಲ್ಲಿ ಪ್ರಾಚೀನ ಇತಿಹಾಸ ಮತ್ತು ಪುರಾತತ್ವ ಎಂ.ಎ. ಮಾಡಿದವಳು. ಎರಡು ಸೀಸನ್ ಉತ್ಖನನದಲ್ಲಿ ಬಿಸಿಲು ತಿಂದಿದ್ದೀನಿ. ಆಮೇಲೆ ಪಿಯು ಕಾಲೇಜಿನಲ್ಲಿ ಪಾಠ. ಹಾಗಾಗಿ ಇದರ ಬಗ್ಗೆ ಮಾತು ಶುರು ಮಾಡಿದ್ರೆ ನಿಲ್ಲಿಸೋಕೆ ಬರಲ್ಲ, ಸಹಿಸ್ಕೊಳ್ಳಿ.

ನೀವು ಓದಿರೋದು ಟ್ರಯಲ್ ಟ್ರೆಂಚಿಂಗ್ ಬಗ್ಗೆ. ಇಂಗ್ಲೆಂಡಿನಲ್ಲಿ ಇದು ದಿನನಿತ್ಯದ ಕೆಲಸ. ಒಂದು ಸೈಟಿನಲ್ಲಿ ಹಳೇದೇನಾದ್ರೂ ಇರಬಹುದು ಅನ್ನಿಸಿದ್ರೆ, ಕಟ್ಟೋಕೆ ಒಪ್ಪಿಗೆ ಕೊಡೋ ಮೊದಲೇ ಜಾಗದ ನೂರಕ್ಕೆ 2ರಿಂದ 5 ಭಾಗದಷ್ಟು ಮಾತ್ರ ಉದ್ದುದ್ದ ಕಾಲುವೆ ಥರ ತೋಡಿ ನೋಡ್ತಾರೆ. ಅಗಲ ಸುಮಾರು 1.8ರಿಂದ 2 ಮೀಟರ್, ಅಂದ್ರೆ ಯಂತ್ರದ ಅಗಲ ಬಕೆಟ್ಟು ಒಂದು ಸಲ ಎಳೆದಷ್ಟು. ನಿಮ್ಮ 40–60ಕ್ಕೆ ಲೆಕ್ಕ ಹಾಕಿ: 2400 ಚದರಡಿ, ಅದರಲ್ಲಿ ನೂರಕ್ಕೆ 5 ಅಂದ್ರೆ 120. ಆರಡಿ ಅಗಲ, ಇಪ್ಪತ್ತಡಿ ಉದ್ದದ ಒಂದೇ ಒಂದು ಟ್ರೆಂಚ್. ಇಷ್ಟೇ. ನಿಮ್ಮ ಬಿಲ್ಡರ್ ಹೆದರಿಸಿದ ಹತ್ತು ವರ್ಷದ ಭೂತ ಇದಲ್ಲ.

ಅವರಲ್ಲೂ ಇದು ಮೊದಲಿಂದ ಹೀಗಿರಲಿಲ್ಲ. 1989ರಲ್ಲಿ ಲಂಡನ್ನಿನ ಸದರ್ಕ್‌ನಲ್ಲಿ ಒಂದು ಆಫೀಸ್ ಕಟ್ಟಡಕ್ಕೆ ತೋಡುವಾಗ ರೋಸ್ ಅನ್ನೋ ನಾಟಕಶಾಲೆಯ ಬುನಾದಿ ಸಿಕ್ಕಿತು. 1587ರಲ್ಲಿ ಕಟ್ಟಿದ್ದು, ಶೇಕ್ಸ್‌ಪಿಯರನ ನಾಟಕ ಆಡಿದ ಜಾಗ. ನಟನಟಿಯರೆಲ್ಲ ಬೀದಿಗೆ ಬಂದು ಗಲಾಟೆ ಮಾಡಿದರು. ಕೊನೆಗೆ ಕಟ್ಟಡದ ನಕ್ಷೆ ಬದಲಾಯಿಸಿ, ಬುನಾದಿಯನ್ನ ಕೆಳಗೇ ಉಳಿಸಿ ಮೇಲೆ ಕಟ್ಟಿದರು. ಅದಾದ ಮರುವರ್ಷ, 1990ರಲ್ಲಿ, ಸರ್ಕಾರ ಹೊಸ ನಿರ್ದೇಶನ ತಂತು: ಮೊದಲೇ ನೋಡಿ, ಖರ್ಚು ಕಟ್ಟಿಸೋನದು. ಟ್ರೆಂಚಿಗೂ ಮುಂಚೆ ಒಂದು ಮೇಜಿನ ಕೆಲಸ ಇರುತ್ತೆ. ಹಳೇ ನಕ್ಷೆ, ಹಳೇ ಪತ್ರ, ಊರ ಹೆಸರು, ಹಿರಿಯರ ನೆನಪು, ಎಲ್ಲ ಒಂದು ಕಡೆ ಕೂಡಿಸೋದು. ಅಂದಹಾಗೆ ನಿಮ್ಮ ಮನೇಲಿ ಹಿರಿಯರು ಯಾರಿದಾರೆ, ಕೇಳಿದ್ರಾ?

ನಮ್ಮಲ್ಲಿ ದೊಡ್ಡ ಅಣೆಕಟ್ಟಿಗೆ ಇಂಥದ್ದು ಆಗಿದೆ. ಆಂಧ್ರದ ನಾಗಾರ್ಜುನಕೊಂಡ ಮುಳುಗೋದಕ್ಕೆ ಮುಂಚೆ 1954ರಿಂದ 1960ರವರೆಗೆ ಇಡೀ ಕಣಿವೆ ಅಗೆದು ಬರೆದಿಟ್ಟರು. ಆದ್ರೆ ಪೇಟೆ ಮಧ್ಯದ ಒಂದು 40–60 ಸೈಟಿಗೆ ಅಂಥ ಕಡ್ಡಾಯ ಇಲ್ಲ. ಇನ್ನೊಂದು ವಿಷಯ, ಪುರಾತತ್ವ ಅಂತ ಹೇಳ್ಕೊಂಡು ನೀವೋ ನಾನೋ ಅಗೆಯೋ ಹಾಗೂ ಇಲ್ಲ, ಉತ್ಖನನಕ್ಕೆ ಲೈಸೆನ್ಸ್ ಬೇಕು. ಆದ್ರೆ ಪಾಯಕ್ಕೆ ಅಂತ ಆಗಲೇ ತೋಡಿರೋ ಗುಂಡಿಯ ಗೋಡೆಯನ್ನ ಕಣ್ಣು ಬಿಟ್ಟು ನೋಡೋಕೆ ಯಾರ ಲೈಸೆನ್ಸೂ ಬೇಡ.

ಎಲ್ಲರ ಕಣ್ಣೂ ಟೊಳ್ಳಿನ ಮೇಲಿದೆ. ನನ್ನ ಕಣ್ಣು ನಿಮ್ಮ ಗುಂಡಿಯ ಗೋಡೆ ಮೇಲೆ. ಗಾರೆಯವರ ಹತ್ರ ಒಂದು ಕರಣೆ ಇಸ್ಕೊಳ್ಳಿ. ಮೇಲಿಂದ ಕೆಳಕ್ಕೆ ಗೋಡೆಯನ್ನ ತೆಳ್ಳಗೆ, ಕೊಬ್ಬರಿ ಹೆರೆದ ಹಾಗೆ, ಹೆರೀರಿ. ಚೂರು ಕಂಡ್ರೆ ಕೀಳಬೇಡಿ, ಅದು ಅಲ್ಲೇ ಕಚ್ಚಿಕೊಂಡಿರಲಿ. ಬಿಸಿಲಿಗೆ ಒಣಗಿದ ಗೋಡೇಲಿ ಏನೂ ಕಾಣಲ್ಲ. ಇಸ್ತ್ರಿಗೆ ನೀರು ಚಿಮುಕಿಸ್ತಾರಲ್ಲ, ಆ ಬಾಟಲಿಯಲ್ಲಿ ನೀರು ಹೊಡೀರಿ. ತಕ್ಷಣ ಬಣ್ಣಗಳು ಎದ್ದು ಬರ್ತವೆ. ಬೆಳಗ್ಗೆ ನೆರಳಿರುವಾಗ ಟೇಪು ಇಳಿಬಿಟ್ಟು ಫೋಟೋ ತೆಗೀರಿ. ಆಮೇಲೆ ಒಂದೇ ಒಂದು ಪ್ರಶ್ನೆಗೆ ಉತ್ತರ ಹುಡುಕಿ: ಆ ಕಪ್ಪು ಹೊಟ್ಟೆ ಯಾವ ಪದರದಿಂದ ಶುರುವಾಗಿದೆ? ಯಾವ ಪದರವನ್ನ ಕೊರೆದುಕೊಂಡು ಹೋಗಿದೆ, ಯಾವ ಪದರ ಅದರ ಬಾಯಿ ಮೇಲೆ ಮುಚ್ಚಿಕೊಂಡಿದೆ? ಕೊರೆದ ಪದರಕ್ಕಿಂತ ಗುಂಡಿ ಚಿಕ್ಕದು, ಮುಚ್ಚಿದ ಪದರಕ್ಕಿಂತ ದೊಡ್ಡದು. ವಯಸ್ಸಿನಲ್ಲಿ ಹೇಳ್ತಿರೋದು.

ಇದನ್ನ ನಾನು ಇಷ್ಟು ಒತ್ತಿ ಹೇಳೋಕೆ ಕಾರಣ ನನ್ನದೇ ಒಂದು ತಪ್ಪು. ಮೊದಲ ಸೀಸನ್ನು, ನನಗೆ ಇಪ್ಪತ್ತೆರಡು. ಟ್ರೆಂಚಿನ ಗೋಡೇಲಿ ಒಂದು ಸಣ್ಣ ಗಿಂಡಿ, ಎಲ್ಲೂ ಒಡೆಯದ್ದು, ಬಾಯಿ ಹೊರಗೆ ಹಾಕ್ಕೊಂಡು ಕೂತಿತ್ತು. ಮಧ್ಯಾಹ್ನ, ಎಲ್ಲರೂ ಊಟಕ್ಕೆ ಹೋಗಿದ್ರು. ನಾನು ಕುರ್ಪಿಯಲ್ಲಿ ಸುತ್ತ ಬಿಡಿಸಿ ಎತ್ತಿಬಿಟ್ಟೆ. ಜೊತೆಗೇ ಗೋಡೆಯಿಂದ ಒಂದು ಬುಟ್ಟಿ ಮಣ್ಣು ಉದುರಿತು. ಸಂಭ್ರಮದಲ್ಲಿ ಓಡಿದೆ. ಸರ್ ಗಿಂಡಿ ನೋಡಲೇ ಇಲ್ಲ, ಗೋಡೆ ನೋಡಿದರು. ‘ಇದು ಮೂರನೇ ಪದರದ್ದಾ, ಇಲಿಬಿಲದಲ್ಲಿ ಮೇಲಿಂದ ಜಾರಿದ್ದಾ?’ ಅಂದರು. ನನ್ನ ಹತ್ರ ಉತ್ತರ ಇರಲಿಲ್ಲ. ಗಿಂಡಿಗೆ ಕಟ್ಟೋ ವಿವರದ ಚೀಟಿಯಲ್ಲಿ ಪದರ ಅನ್ನೋ ಕಡೆ ನನ್ನ ಕೈಯಿಂದಲೇ ಒಂದು ಅಡ್ಡಗೆರೆ ಎಳೆಸಿದರು. ಚೆಂದದ ಗಿಂಡಿ. ಯಾವ ಕಾಲದ್ದು ಅಂತ ಹೇಳೋಕೆ ಇದ್ದ ಒಂದೇ ಸಾಕ್ಷಿಯನ್ನ ನಾನು ಬಾಂಡ್ಲಿಗೆ ತುಂಬಿ ಆಚೆ ಸುರಿಸಿದ್ದೆ.

ಮಹಾರಾಜ ಪಾರ್ಕಿನ ಮ್ಯೂಸಿಯಮ್ಮಿಗೆ ಒಂದು ಪತ್ರ ಬರೆದು ಫೋಟೋ ಲಗತ್ತಿಸಿ ಕೊಡಿ. ಮೈಸೂರಿನಲ್ಲಿರೋ ರಾಜ್ಯ ಪುರಾತತ್ವ ಇಲಾಖೆಗೆ ಒಂದು ಪ್ರತಿ. ಸ್ವೀಕೃತಿ ಸೀಲು ಹಾಕಿಸ್ಕೊಳ್ಳಿ.

ವಕೀಲ_ಅರಸೀಕೆರೆ

ಕ್ರಯಪತ್ರದ ‘ನಿಧಿ ನಿಕ್ಷೇಪ’ ಓದಿ ನಗು ಬಂತು, ಚಿಕ್ಕಪ್ಪನವರಿಗೆ ಬೇಜಾರಾಗಬಾರದು. ಅದು ಅಷ್ಟಭೋಗದ, ಅಂದ್ರೆ ಭೂಮಿ ಜೊತೆ ಬರೋ ಹಕ್ಕುಗಳ, ಒಕ್ಕಣೆ. ಹಳೇ ದಾನಶಾಸನಗಳಲ್ಲಿ ರಾಜ ಭೂಮಿ ಕೊಡುವಾಗ ಕಲ್ಲಲ್ಲಿ ಕೆತ್ತಿಸ್ತಿದ್ದ, ಪತ್ರ ಬರಹಗಾರರು ಅದನ್ನೇ ಛಾಪಾ ಕಾಗದಕ್ಕೆ ಇಳಿಸಿಕೊಂಡು ಬಂದರು. ಮಾರಿದವರಿಗೇ ಇಲ್ಲದ ಹಕ್ಕು ಕೊಂಡವರಿಗೆ ಬರಲ್ಲ.

ಕೇಂದ್ರದ 1878ರ ನಿಧಿ ಕಾಯ್ದೆ ಪ್ರಕಾರ ಮಣ್ಣಲ್ಲಿ ಅಡಗಿದ್ದು ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯದಾದರೆ ಸಿಕ್ಕಿದವನು ಕಲೆಕ್ಟರಿಗೆ ತಿಳಿಸಬೇಕು. ಹತ್ತು ರೂಪಾಯಿ, ಹೌದು, ಇವತ್ತಿಗೂ. ಕರ್ನಾಟಕಕ್ಕೆ 1962ರದ್ದು ಪ್ರತ್ಯೇಕ ಕಾಯ್ದೆ ಇದೆ. ಚಿನ್ನ, ನಾಣ್ಯ, ವಿಗ್ರಹ ಏನಾದ್ರೂ ಕಂಡರೆ ಅಲ್ಲಿಗೇ ಕೆಲಸ ನಿಲ್ಲಿಸಿ ಡಿಸಿ ಆಫೀಸಿಗೆ ಬರಹದಲ್ಲಿ ಕೊಡಿ. ಮುಚ್ಚಿಟ್ಟರೆ ಶಿಕ್ಷೆ ಇದೆ.

ಸೈಟು ಹೋಗುತ್ತೆ ಅನ್ನೋ ಹೆದರಿಕೆಗೆ: ರಾಷ್ಟ್ರೀಯ ಮಹತ್ವದ ಸ್ಮಾರಕದ ಸುತ್ತ 100 ಮೀಟರ್ ಹೊಸ ಕಟ್ಟಡ ನಿಷೇಧ, ಅದರಾಚೆ 200 ಮೀಟರ್ ಅನುಮತಿ ಬೇಕು. ಇದು 2010ರ ತಿದ್ದುಪಡಿ. ಬೇಲೂರು, ಹಳೇಬೀಡಿನವರಿಗೆ ಈ ಲೆಕ್ಕ ಬಾಯಿಪಾಠ. ಹೊಸದಾಗಿ ಒಂದು ಜಾಗವನ್ನ ರಕ್ಷಿತ ಅಂತ ಘೋಷಿಸಬೇಕಾದರೆ ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿ ಎರಡು ತಿಂಗಳು ಆಕ್ಷೇಪಣೆಗೆ ಕಾಯಬೇಕು. ಒಂದು ರಾಗಿ ಗುಂಡಿಗೆ ಯಾರೂ ಅಷ್ಟೆಲ್ಲ ಮಾಡಲ್ಲ. ಲೈಸೆನ್ಸ್‌ದಾರ ಇಂಜಿನಿಯರ್ ಕೈಲಿ ಹತ್ತಿರದ ರಕ್ಷಿತ ಸ್ಮಾರಕಕ್ಕೆ ಎಷ್ಟು ದೂರ ಅಂತ ಅಳತೆ ಮಾಡಿಸಿಟ್ಟುಕೊಳ್ಳಿ.

ದೇವಿಗೆರೆ_ಹುಡುಗ

ಎಲ್ಲರಿಗೂ ಥ್ಯಾಂಕ್ಸ್. ಎರಡು ದಿನ ಅದೇ ಕೆಲಸ. ಮೇಡಂ, ನೀವು ಹೇಳಿದ ಹಾಗೇ ಮಾಡಿದೆ. ನೀರು ಹೊಡೆದ ತಕ್ಷಣ ಗೋಡೆ ಸೀರೆ ಅಂಚು ಬಿಚ್ಚಿದ ಹಾಗೆ ಆಯ್ತು, ಸುಳ್ಳಲ್ಲ. ಚಿಕ್ಕಪ್ಪನೂ ಟಾರ್ಚು ಕೆಳಗಿಟ್ಟು ಬಂದು ನೋಡಿದರು.

ಕಂಡಿದ್ದು ಹೀಗೆ. ಮೇಲೆ ಎಂಟಿಂಚು ನಮ್ಮದೇ ಮನೆ ಕೆಡವಿದ ಕಲ್ಲುಮಣ್ಣು. ಅದರ ಕೆಳಗೆ ಎರಡಿಂಚು ಗಟ್ಟಿ ಗಾರೆ ನೆಲ. ಆಮೇಲೆ ಸುಮಾರು ಎರಡಡಿ ಕಂದು ಮಣ್ಣು, ಹೆಂಚಿನ ಚೂರು ಅಲ್ಲಲ್ಲಿ. ಚಪ್ಪಡಿ ಈ ಕಂದು ಮಣ್ಣಿನ ಬುಡದಲ್ಲಿದೆ. ಚಪ್ಪಡಿಯ ಮಟ್ಟದಲ್ಲೇ ಎರಡೂ ಪಕ್ಕಕ್ಕೆ ಒಂದು ಬೂದಿ ಬಣ್ಣದ ಪದರ, ಒಂದು ಗೇಣು ದಪ್ಪ, ಇದ್ದಿಲು ಪುಡಿ ಮಿನುಗುತ್ತೆ. ಅದರ ಕೆಳಗೆ ಬರೀ ಕೆಮ್ಮಣ್ಣು, ಒಂದು ಚೂರೂ ಇಲ್ಲ. ಕಪ್ಪು ಹೊಟ್ಟೆ ಬೂದಿ ಪದರವನ್ನ ಕತ್ತರಿಸಿಕೊಂಡು ಕೆಮ್ಮಣ್ಣಿಗೆ ಇಳಿದಿದೆ.

ಕಪ್ಪು ಮಣ್ಣಲ್ಲಿ ಮಂಗಳೂರು ಹೆಂಚಿನ ತುಂಡು ಕಚ್ಚಿಕೊಂಡಿದೆ, ಇಂಗ್ಲಿಷ್ ಅಚ್ಚಿನ ಅಕ್ಷರ ಅರ್ಧ ಕಾಣುತ್ತೆ. ಅದನ್ನ ನೋಡಿ ನನಗೆ ಪುಸ್ ಅಂತು. ಹೊಯ್ಸಳ ಎಲ್ಲಿ, ಹೆಂಚು ಎಲ್ಲಿ.

ಇನ್ನೆರಡು. ಎರಡೂ ಸುರಿದ ಮಣ್ಣಿನ ರಾಶಿಯಲ್ಲಿ ಸಿಕ್ಕಿದ್ದು, ಗೋಡೆಯಿಂದ ಕಿತ್ತಿಲ್ಲ. ಒಂದು, ರೂಪಾಯಿಗಿಂತ ಸ್ವಲ್ಪ ದೊಡ್ಡ ಗುಂಡನೆ ಮಡಕೆ ಬಿಲ್ಲೆ, ಅಂಚು ಉಜ್ಜಿ ನಯ ಮಾಡಿದಾರೆ. ಇನ್ನೊಂದು ಒಳಗೆ ಕಪ್ಪು, ಹೊರಗೆ ಕೆಂಪು ಇರೋ ಚೂರು. ಅದೇ ಥರದ್ದು ಒಂದು ಬೂದಿ ಪದರದಲ್ಲಿ ಅಂಚು ಮಾತ್ರ ಕಾಣ್ತಿದೆ, ಮುಟ್ಟಿಲ್ಲ.

ಅಜ್ಜಿ ಚನ್ನರಾಯಪಟ್ಟಣದಲ್ಲಿ ಅತ್ತೆ ಮನೇಲಿದಾರೆ, 86 ವರ್ಷ. ಮನೆ ಕೆಡವಿದ್ದಕ್ಕೇ ಊಟ ಬಿಟ್ಟಿದ್ರು, ಅದಕ್ಕೆ ಇದನ್ನ ಹೇಳಿಲ್ಲ.

ಕುರ್ಪಿ_ಮೇಡಂ

ಬಿಲ್ಲೆ ನೋಡಿ ಖುಷಿಯಾಯ್ತು. ಕುಂಟಾಬಿಲ್ಲೆ ಆಡೋಕೆ ಯಾವುದೋ ಮಗು ಒಡೆದ ಮಡಕೆ ಚೂರನ್ನ ಕಲ್ಲಿಗೆ ತಿಕ್ಕಿ ತಿಕ್ಕಿ ಗುಂಡಗೆ ಮಾಡಿದ್ದು. ನಮ್ಮ ದೇಶದ ಉತ್ಖನನಗಳಲ್ಲಿ ಇಂಥ ಬಿಲ್ಲೆಗಳು ರಾಶಿ ರಾಶಿ ಸಿಗ್ತವೆ. ಯಾವ ಕಾಲದ್ದು ಅಂತ ಬಿಲ್ಲೆ ಹೇಳಲ್ಲ, ನಾನೂ ಚಿಕ್ಕವಳಿದ್ದಾಗ ಮಾಡಿದ್ದೀನಿ.

ಹೆಂಚಿಗೆ ಬೇಜಾರು ಯಾಕೆ? ನಿಮ್ಮ ಗುಂಡಿಯಲ್ಲಿ ತಾರೀಕು ಹೊತ್ತು ಬಂದಿರೋದು ಅದೊಂದೇ. ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ್ದು 1865ರಲ್ಲಿ. ಅಂದ್ರೆ ಆ ಹಗೇವಿಗೆ ಕಸ ಮಣ್ಣು ತುಂಬಿದ್ದು 1865ಕ್ಕೆ ಮುಂಚೆ ಆಗಿರೋಕೆ ಸಾಧ್ಯವೇ ಇಲ್ಲ. ಆದ್ರೆ ಇಲ್ಲೊಂದು ಎಡವಟ್ಟು ಎಲ್ಲರೂ ಮಾಡ್ತಾರೆ. ತುಂಬಿದ ಕಾಲ ಬೇರೆ, ತೋಡಿದ ಕಾಲ ಬೇರೆ. ಹಗೇವನ್ನ ನೂರು ವರ್ಷ ಬಳಸಿ ಕೊನೆಗೆ ಬೇಡ ಅಂದಾಗ ಕಸ ಹಾಕಿರಬಹುದು. ತೋಡಿದ್ದು ಯಾವಾಗ ಅನ್ನೋಕೆ ನಿಮಗಿರೋ ಗೆರೆ ಬೂದಿ ಪದರ ಮಾತ್ರ. ಅದಕ್ಕಿಂತ ಈಚೆಗೆ, ಅಷ್ಟೇ ಹೇಳಬಹುದು. ಕೆಳಗಿನ ಚೂರಿಲ್ಲದ ಕೆಮ್ಮಣ್ಣಿಗೆ ನಾವು ವರ್ಜಿನ್ ಸಾಯಿಲ್ ಅಂತೀವಿ, ಮನುಷ್ಯರ ಕತೆ ಅಲ್ಲಿಗೆ ಮುಗೀತು.

ಈಗ ನನ್ನ ನಿದ್ದೆ ಕೆಡಿಸಿದ್ದು ಆ ಎರಡು ಬಣ್ಣದ ಚೂರು. ಅಡುಗೆ ಮಡಕೆಗೆ ಮಸಿ ಹಿಡಿಯೋದು ಹೊರಗಡೆ, ತಳದಲ್ಲಿ. ನಿಮ್ಮದು ಒಳಗೆ ಕಪ್ಪು ಅಂತಿದೀರ. ಬಾಯಂಚಿನ ಚೂರು ಸಿಕ್ಕಿ ಅಂಚಿನಲ್ಲೂ ಕಪ್ಪಿದ್ದರೆ, ಮಡಕೆಯನ್ನ ಬೋರಲು ಹಾಕಿ ಸುಟ್ಟ ಲಕ್ಷಣ. ಬಾಯಿ ಬೂದಿಯಲ್ಲಿ ಹೂತಿರೋದರಿಂದ ಗಾಳಿ ತಗಲದೇ ಕಪ್ಪಾಗುತ್ತೆ, ಹೊರಮೈ ಗಾಳಿ ಕುಡಿದು ಕೆಂಪಾಗುತ್ತೆ. ಈ ಕಪ್ಪು-ಕೆಂಪು ಮಡಕೆ ನಮ್ಮ ಕಡೆ ಬೃಹತ್‌ಶಿಲಾ ಕಾಲದ, ಅಂದ್ರೆ ದೊಡ್ಡ ದೊಡ್ಡ ಕಲ್ಲಿಟ್ಟು ಹೂಳ್ತಿದ್ದ, ಹೊಯ್ಸಳರಿಗಿಂತ ಎಷ್ಟೋ ಹಿಂದಿನ ಕಾಲದ ಗೋರಿಗಳ ಜೊತೆ ಬರುತ್ತೆ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಅಗೆದಾಗ ಪದರ ಪದರವಾಗಿ ಇಂಥದ್ದೇ ಸಿಕ್ಕಿದ್ದು.

ಒಂದು ಚೂರಿನ ಮೇಲೆ ಊರು ಕಟ್ಟೋಕೆ ಹೊರಡಬೇಡಿ ಮತ್ತೆ. ನಿಮ್ಮದು ಮಣ್ಣಿನ ಗೋಡೆ ಮನೆಯಾಗಿತ್ತಲ್ವಾ? ಗೋಡೆಗೆ ಮಣ್ಣು ಎಲ್ಲಿಂದ ತಂದಿದ್ರೋ, ಯಾವ ಕೆರೆ ಅಂಗಳದ್ದೋ, ಯಾವ ಹಾಳು ದಿಬ್ಬದ್ದೋ. ಗೋಡೆ ಬಿದ್ದು ನೆಲಕ್ಕೆ ಸೇರಿದಾಗ ಹಳೇ ಚೂರು ಹೊಸ ಪದರಕ್ಕೆ ಬಂದು ಕೂತಿರುತ್ತೆ. ರಾಶಿಯ ಚೂರಿಗೆ ಬೆಲೆ ಇಲ್ಲ. ಬೂದಿ ಪದರದಲ್ಲಿ ಕಚ್ಚಿಕೊಂಡಿರೋದೇ ಸಾಕ್ಷಿ, ಅದನ್ನ ಇಲಾಖೆಯವರೇ ತೆಗೀಲಿ.

ಅಜ್ಜಿಗೆ ಇವತ್ತೇ ಫೋನ್ ಮಾಡಿ.

ಪಾಯದ_ಅಣ್ಣ

ಮೇಡಂ, ಪಾಠ ಚೆನ್ನಾಗಿದೆ, ನಿಜವಾಗ್ಲೂ. ಆದ್ರೆ ಖರ್ಚು ಯಾರದು? ಇಂಗ್ಲೆಂಡಿನ ಬಿಲ್ಡರ್ ಕೊಡ್ತಾನೆ, ಅವನು ಫ್ಲ್ಯಾಟ್ ರೇಟಿಗೆ ಸೇರಿಸ್ಕೋತಾನೆ. ಇಲ್ಲಿ ಜೆಸಿಬಿ ಗಂಟೆ ಲೆಕ್ಕ, ಸೆಂಟ್ರಿಂಗ್‌ನವರು ಅಡ್ವಾನ್ಸ್ ಇಸ್ಕೊಂಡು ಕೂತಿದಾರೆ, ಮಳೆಗೆ ಮುಂಚೆ ಪಾಯ ಏಳದಿದ್ರೆ ಗುಂಡಿಗೆಲ್ಲ ನೀರು. ಹುಡುಗನ ಮನೆಯವರು ಬಾಡಿಗೆ ಮನೇಲಿದಾರೆ. ಇಲಾಖೆಯವರು ಬರ್ತಾರೆ ಅಂತ ಕಾಯ್ತಾ ಕೂತ್ರೆ?

ನಮ್ಮ ಕಡೆಯೇ ಒಂದು ಊರಲ್ಲಿ ಕಾಂಪ್ಲೆಕ್ಸ್ ಪಾಯದಲ್ಲಿ ವೀರಗಲ್ಲು ಸಿಕ್ಕಿತ್ತು. ಹೇಳಿದರು, ಫೋಟೋ ಹೊಡೆದರು, ಕಲ್ಲನ್ನ ರಸ್ತೆ ಪಕ್ಕ ಒರಗಿಸಿದರು. ಈಗ ಅದಕ್ಕೆ ಸುಣ್ಣ ಬಳಿದು ಕುಂಕುಮ ಇಟ್ಟಿದಾರೆ.

ಕುರ್ಪಿ_ಮೇಡಂ

ಖರ್ಚಿನ ವಿಷಯದಲ್ಲಿ ನಿಮ್ಮ ಹತ್ರ ವಾದ ಮಾಡೋಕೆ ನನ್ನ ಹತ್ರ ಏನೂ ಇಲ್ಲ ಅಣ್ಣ. ನಮ್ಮಲ್ಲಿ ಅದಕ್ಕೊಂದು ದಾರಿ ಇಲ್ಲ, ಇರಬೇಕಿತ್ತು. ಅದಕ್ಕೇ ಹೆಚ್ಚಿನ ಖರ್ಚಿಲ್ಲದ್ದನ್ನ ಕೇಳ್ತಿದೀನಿ. ಹೇಗೂ ಕರಿ ಮಣ್ಣು ಪೂರ್ತಿ ತೆಗೀಬೇಕು ಅಂತ ನೀವೇ ಹೇಳಿದ್ರಿ. ಅದನ್ನೇ ಒಂದು ಪಕ್ಕದಿಂದ, ಅರ್ಧ ಹೊಟ್ಟೆ ನಿಲ್ಲೋ ಹಾಗೆ ತೆಗೀರಿ. ಬಕೆಟ್ಟಿನ ಹಲ್ಲಿಗೆ ಪಟ್ಟಿ ಹಾಕಿರೋ ಆಪರೇಟರ್ ಸಿಕ್ಕಿದ್ರೆ ಅವನನ್ನ ಕರೀರಿ. ಹಲ್ಲು ಉತ್ತ ನೆಲದಲ್ಲಿ ಏನೂ ಕಾಣಲ್ಲ, ಪಟ್ಟಿ ಹೆರೆದ ನೆಲದಲ್ಲಿ ಪ್ರತಿ ಗುಂಡಿಯೂ ಬೊಟ್ಟಿಟ್ಟ ಹಾಗೆ ಕಾಣುತ್ತೆ. ಒಂದು ಹಗೇವಿದ್ದ ಕಡೆ ಇನ್ನೊಂದು ಇರೋದು ಸಾಮಾನ್ಯ. ಅದು ಕಾಂಕ್ರೀಟ್ ಹಾಕಿದ ಮೇಲೆ ಗೊತ್ತಾಗೋದಕ್ಕಿಂತ ಈಗ ಗೊತ್ತಾದ್ರೆ ನಿಮಗೇ ಒಳ್ಳೇದು.

ವೀರಗಲ್ಲಿನ ಸುಣ್ಣಕ್ಕೆ ನನಗೂ ಹೊಟ್ಟೆ ಉರಿಯುತ್ತೆ.

ದೇವಿಗೆರೆ_ಹುಡುಗ

ಹನ್ನೊಂದು ದಿನ ಆದಮೇಲೆ ಬರೀತಿದೀನಿ.

ಅವತ್ತೇ ಅಜ್ಜಿಗೆ ಫೋನ್ ಮಾಡಿದೆ. ಫೋಟೋ ತೋರಿಸೋಕೆ ಅತ್ತೆಗೆ ವಾಟ್ಸಾಪ್ ಮಾಡಿದೆ. ಅಜ್ಜಿ ಅದನ್ನ ನೋಡಿ, ‘ಇದಕ್ಕೇನು ಅಷ್ಟು ರಂಪ, ನಮ್ಮತ್ತೆ ಹೇಳ್ತಿದ್ದ ಹಗೇವು. ನಾನು ಬರೋ ಹೊತ್ತಿಗೇ ಮುಚ್ಚಿತ್ತು. ಮಕ್ಕಳು ಬೀಳ್ತಾವೆ ಅಂತ ನಮ್ಮ ಮಾವನ ಅಪ್ಪ ಮುಚ್ಚಿಸಿದ್ದಂತೆ. ಇನ್ನೊಂದು ಇರಬೇಕು ನೋಡು, ಹಲಸಿನ ಮರದ ಕಡೆ’ ಅಂದರು. ಹಲಸಿನ ಮರ ನಾನು ಹುಟ್ಟೋ ಮುಂಚೆಯೇ ಕಡಿದಿದ್ದು. ಎಲ್ಲಿತ್ತು ಅಂತ ಅಪ್ಪನಿಗೂ ಸರಿಯಾಗಿ ನೆನಪಿಲ್ಲ, ಚಿಕ್ಕಪ್ಪಂದಿರಿಬ್ಬರೂ ಎರಡು ಬೇರೆ ಬೇರೆ ಮೂಲೆ ತೋರಿಸಿದರು.

ಪಟ್ಟಿ ಹಾಕಿರೋ ಬಕೆಟ್ಟಿನವನು ಸಿಕ್ಕಿದ, ಸಾಲಗಾಮೆ ರಸ್ತೆ ಕಡೆಯವನು. ಬಿಲ್ಡರ್ ಮೊದಲು ಒಪ್ಪಲಿಲ್ಲ. ಕಾಲಂ ಕುಸಿಯೋ ಮಾತು ಅವರ ಇಂಜಿನಿಯರ್ ಬಾಯಲ್ಲೂ ಬಂದಮೇಲೆ ಒಪ್ಪಿದರು. ಹಿತ್ತಲ ಗೋಡೆಗುಂಟ ಆರಡಿ ಅಗಲಕ್ಕೆ ಹೆರೆಸಿದ್ವಿ. ಸಾವಕಾಶವಾಗಿ ನಾಲ್ಕು ಗಂಟೆ. ಬಾವಿ ಕಡೆಯ ಮೂಲೇಲಿ ಕೆಮ್ಮಣ್ಣಲ್ಲಿ ಒಂದು ಕಪ್ಪು ಚಕ್ರ ಎದ್ದು ಬಂತು. ಚಪ್ಪಡಿ ಇಲ್ಲ, ಪೂರ್ತಿ ಮಣ್ಣು ತುಂಬಿದೆ, ಮೊದಲನೇದಕ್ಕಿಂತ ಸಣ್ಣದು. ಆಪರೇಟರ್ ಹುಡುಗ ಇಳಿದು ಬಂದು ಅದರ ಸುತ್ತ ಸೈಕಲ್ ಕಡ್ಡಿಯಲ್ಲಿ ಗೀರಿ ಕೊಟ್ಟ. ಚಕ್ರ ಸಣ್ಣ ಚಿಕ್ಕಪ್ಪ ತೋರಿಸಿದ ಮೂಲೆಯಲ್ಲೇ ಇತ್ತು, ಅಂಜನ ಇಲ್ಲದೇ.

ಪತ್ರ ಕೊಟ್ಟು ಒಂದು ವಾರಕ್ಕೆ ಇಬ್ಬರು ಬಂದರು. ಮೊದಲ ಹತ್ತು ನಿಮಿಷ ಕೊಡೆ ಹಿಡಿದು ನಿಂತಿದ್ದವರು, ಬೂದಿ ಪದರ ತೋರಿಸಿದ ಮೇಲೆ ಪ್ಯಾಂಟು ಮಡಚಿ ಇಳಿದರು. ಗ್ರಾಫ್ ಹಾಳೆಯಲ್ಲಿ ಗೋಡೆ ಬರ್ಕೊಂಡರು, ಆ ಕಚ್ಚಿಕೊಂಡಿದ್ದ ಚೂರು ಮತ್ತೆ ಅದರ ಪಕ್ಕದ ಇನ್ನೂ ಮೂರು ತೆಗೆದು ಪೊಟ್ಟಣ ಕಟ್ಟಿದರು. ನಾಲ್ಕರಲ್ಲಿ ಒಂದು ಬಾಯಂಚು, ಮೇಡಂ. ಅಂಚಿನಲ್ಲೂ ಕಪ್ಪಿದೆ. ‘ನೋಡಿ ಹೇಳ್ತೀವಿ’ ಅಂದರು, ನಾನೂ ಅಷ್ಟಕ್ಕೇ ಬಿಟ್ಟೆ. ಚೂರುಗಳಿಗೆ ಬರಹದಲ್ಲಿ ರಸೀದಿ ಕೊಟ್ಟಿದಾರೆ. ಕೆಲಸ ನಿಲ್ಲಿಸಿ ಅಂತ ಹೇಳಲಿಲ್ಲ. ಉಳಿದ ಪಾಯ ತೋಡುವಾಗ ಇಂಥದ್ದು ಮತ್ತೆ ಕಂಡರೆ ಫೋನ್ ಮಾಡಿ ಅಂತ ನಂಬರ್ ಕೊಟ್ಟು ಹೋದರು.

ದೊಡ್ಡ ಚಿಕ್ಕಪ್ಪ ಈಗ ಮನೇಲಿ ಮಲಗ್ತಾರೆ. ಚಪ್ಪಡಿ ಬಿಲ್ಡರ್ ಲಾರಿಗೆ ಹಾಕೋಕೆ ಹೊರಟಿದ್ರು, ಅಜ್ಜಿ ಬಿಡಲಿಲ್ಲ. ಹೊಸ ಮನೆಗೆ ಹೊಸ್ತಿಲ ಮುಂದಿನ ಮೆಟ್ಟಿಲು ಅದೇ ಆಗಬೇಕಂತೆ.

ಕುರ್ಪಿ_ಮೇಡಂ

ಅಂಚಿನಲ್ಲೂ ಕಪ್ಪಾ!

ಫೋಟೋ ಕಳಿಸಿ. ಟೇಪು ಇಟ್ಟು ತೆಗೆದಿದ್ದು. ಮತ್ತೆ ಅಜ್ಜಿ ಹೇಳಿದ್ದನ್ನ ಅವರ ಮಾತಲ್ಲೇ ಬರೆದು, ಆ ಫೋಟೋಗಳ ಜೊತೆ ಇಡಿ. ಸೈಟಿನ ನಕ್ಷೆ ಮೇಲೆ ಎರಡು ಚಕ್ರವೂ ಗುರುತಾಗಿರಲಿ.

ಪಾಯದ_ಅಣ್ಣ

ಸರಿ ಬಿಡಪ್ಪ, ಸೋತೆ. ಎರಡನೇದರ ಆಳ ಎಷ್ಟು ಬಂತು? ಯಾವ ಕಾಲಂ ಕೆಳಗೆ?

ದೇವಿಗೆರೆ_ಹುಡುಗ

ಚಕ್ರ ಕಂಡ ಮಟ್ಟದಿಂದ ನಾಲ್ಕೂವರೆ ಅಡಿ ಅಣ್ಣ. ಸಿ-3 ಕಾಲಂ ಸರಿಯಾಗಿ ಅದರ ನೆತ್ತಿ ಮೇಲೇ ಬರ್ತಿತ್ತು. ಸೈಜುಗಲ್ಲು ನಾಳೆ ಬರುತ್ತೆ.